ಮನೆಯವರ ಫೋಟೊಗಳಿರುವ ಹಾರ್ಡ್‌ಡಿಸ್ಕ್ ಹತ್ತು ನಿಮಿಷ ಸುಮ್ಮನಿದ್ದರೆ ತಾನಾಗಿ ನಿಲ್ಲಲಿ ಎಂದು ಉಬುಂಟುವಿನಲ್ಲಿ, ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್ ಆದೇಶಕ್ಕೆ 10 ಕೊಟ್ಟೆ. ಈಗ ಅದು ಪದೇಪದೇ ನಿಂತು ಮತ್ತೆ ತಿರುಗುತ್ತಿದೆ. ಏಕೆ?

ನಿಮ್ಮ 10 ಅನ್ನು ಡಿಸ್ಕ್ ನಿಮಿಷವೆಂದು ಓದಿಲ್ಲ, ಅಷ್ಟೇ. ಎಚ್‌ಡಿಪಾರ್ಮ್‌ನ ದೊಡ್ಡಕ್ಷರದ ಎಸ್ ಆಯ್ಕೆಯಲ್ಲಿ 1ರಿಂದ 240ರವರೆಗೆ ಒಂದೊಂದಕ್ಕೂ ಐದು ಸೆಕೆಂಡಿನ ಲೆಕ್ಕ. 10 ಎಂದರೆ 50 ಸೆಕೆಂಡು. ನೀವು ಒಂದು ಫೋಟೊ ತೆರೆದು ನೋಡಿ ಮುಂದಿನದನ್ನು ಒತ್ತುವಷ್ಟರಲ್ಲಿ ಡಿಸ್ಕ್ ನಿಂತಿರುತ್ತದೆ. ಹತ್ತು ನಿಮಿಷಕ್ಕೆ 120, ಇಪ್ಪತ್ತಕ್ಕೆ 240 ಕೊಡಬೇಕು. 241ರಿಂದ ಅಳತೆಯೇ ಬೇರೆ: 241 ಅರ್ಧ ಗಂಟೆ, 242 ಒಂದು ಗಂಟೆ, ಹೀಗೆ 251ಕ್ಕೆ ಐದೂವರೆ ಗಂಟೆ. 0 ಕೊಟ್ಟರೆ ತಾನಾಗಿ ನಿಲ್ಲುವುದೇ ಇಲ್ಲ.

ನನ್ನ ಸಲಹೆ 242. ಮೂರೂವರೆ ಇಂಚಿನ ಡಿಸ್ಕ್ ಸುಮ್ಮನೆ ತಿರುಗುವಾಗ ಸುಮಾರು ಐದು ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ ಹತ್ತು ಗಂಟೆ ನಿಲ್ಲಿಸಿದರೂ ಉಳಿಯುವುದು ತಿಂಗಳಿಗೆ ಒಂದೂವರೆ ಯೂನಿಟ್. ಅಷ್ಟಕ್ಕಾಗಿ ದಿನವಿಡೀ ಮೋಟಾರನ್ನು ನಿಲ್ಲಿಸಿ ಓಡಿಸುವುದು ಬೇಡ. ಪ್ರತಿ ಸಲ ನಿಂತಲ್ಲಿಂದ ಪೂರ್ಣ ವೇಗಕ್ಕೆ ಏರುವಾಗಲೇ ಅದರ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ಅದರಲ್ಲಿರುವುದು ನಿಮ್ಮ ಮನೆಯವರ ಫೋಟೊಗಳು ಎಂದಿದ್ದೀರಿ. ವಿದ್ಯುತ್ತಿಗಿಂತ ಅವು ದೊಡ್ಡವು. ಬೇರೆ ಕಡೆ ಇನ್ನೊಂದು ಪ್ರತಿ ಇಲ್ಲದಿದ್ದರೆ ಮೊದಲು ಆ ಕೆಲಸ ಮಾಡಿ.

ಟರ್ಮಿನಲ್‌ನಲ್ಲಿ ಕೊಟ್ಟದ್ದು ಕಂಪ್ಯೂಟರ್ ಆರಿಸಿದರೆ ಉಳಿಯುವುದಿಲ್ಲ. ಇಟಿಸಿ ಫೋಲ್ಡರಿನಲ್ಲಿರುವ ಎಚ್‌ಡಿಪಾರ್ಮ್‌ನ ಕಾನ್ಫ್ ಫೈಲಿನಲ್ಲಿ, ಅಂದರೆ ಸೆಟ್ಟಿಂಗ್ ಬರೆದಿಡುವ ಫೈಲಿನಲ್ಲಿ, ಸ್ಪಿನ್‌ಡೌನ್ ಟೈಮ್ ಎಂಬ ಸಾಲಿಗೆ 242 ಬರೆಯಿರಿ. ಡಿಸ್ಕನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಹೆಸರಿಸಬೇಡಿ, ಆ ಹೆಸರುಗಳು ಅದಲುಬದಲಾಗುತ್ತವೆ. ಡಿಸ್ಕ್ ಬೈ-ಐಡಿ ಫೋಲ್ಡರಿನಲ್ಲಿ ಕಾಣುವ, ಮಾದರಿ ಮತ್ತು ಕ್ರಮಸಂಖ್ಯೆ ಸೇರಿದ ಉದ್ದ ಹೆಸರನ್ನೇ ಕೊಡಿ. ಫೈಲು ತಿದ್ದುವುದು ಬೇಡವೆನಿಸಿದರೆ ಡಿಸ್ಕುಗಳನ್ನು ನೋಡಿಕೊಳ್ಳುವ ಗ್ನೋಮ್ ಡಿಸ್ಕ್ಸ್ ಪ್ರೋಗ್ರಾಂನ ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಇದೇ ಅವಧಿಯನ್ನು ಎಳೆದು ಹೊಂದಿಸಬಹುದು.

ಇಷ್ಟಾದ ಮೇಲೂ ಡಿಸ್ಕ್ ಎದ್ದೇಳುತ್ತಿದ್ದರೆ ಎಬ್ಬಿಸುತ್ತಿರುವವರು ಯಾರೆಂದು ಹಿಡಿಯಬೇಕು. ಇದಕ್ಕೆ ಫ್ಯಾಟ್ರೇಸ್ ಬಹಳ ಒಳ್ಳೆಯ ಉಪಕರಣ: ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಿತು ಎಂದು ಆ ಕ್ಷಣದಲ್ಲೇ ತೋರಿಸುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ಹುಡುಕಾಟಕ್ಕೆಂದು ಫೈಲುಗಳ ಪಟ್ಟಿ ಮಾಡುವ ಸೇವೆಗಳು. ಅವುಗಳ ಸೆಟ್ಟಿಂಗಿನಲ್ಲಿ ಈ ಡಿಸ್ಕನ್ನು ಹೊರಗಿಡಿ. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಹಾಕಿಕೊಂಡಿದ್ದರೆ ಅದೂ ಅರ್ಧ ಗಂಟೆಗೊಮ್ಮೆ ವಿಚಾರಿಸುತ್ತದೆ. ಮಲಗಿದ ಡಿಸ್ಕನ್ನು ಬಿಟ್ಟುಬಿಡಲು ಅದರ ಕಾನ್ಫ್ ಫೈಲಿನಲ್ಲಿ ಸಣ್ಣಕ್ಷರದ ಎನ್ ಆಯ್ಕೆಗೆ ಸ್ಟ್ಯಾಂಡ್‌ಬೈ ಎಂದು ಸೇರಿಸಿ.

ಡಿಸ್ಕ್ ನಿಂತಿದೆಯೇ ಎಂದು ಫೋಲ್ಡರ್ ತೆರೆದು ಪರೀಕ್ಷಿಸಿದರೆ ಅದು ಏಳಬಹುದು. ಎಚ್‌ಡಿಪಾರ್ಮ್‌ಗೆ ದೊಡ್ಡಕ್ಷರದ ಸಿ ಕೊಟ್ಟು ಕೇಳಿ, ಸ್ಟ್ಯಾಂಡ್‌ಬೈ ಎಂದರೆ ನಿಂತಿದೆ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕಾದರೆ ಈ ಆದೇಶಗಳು ಎಷ್ಟೋ ಸಲ ಒಳಗೆ ತಲುಪುವುದೇ ಇಲ್ಲ. ಆಗ ಎಚ್‌ಡಿ-ಐಡಲ್ ಎಂಬ ಪ್ರೋಗ್ರಾಂ ಪ್ರಯತ್ನಿಸಿ. ಅದು ಸಮಯವನ್ನು ತಾನೇ ಎಣಿಸಿ ನಿಲ್ಲಿಸುತ್ತದೆ, ಮತ್ತು ಅಲ್ಲಿ ಕೊಡುವ ಸಂಖ್ಯೆ ನೇರವಾಗಿ ಸೆಕೆಂಡುಗಳಲ್ಲಿ. ಒಂದು ಗಂಟೆಗೆ 3600.