ಮೊದಲು ಮೆಟ್ಟಿಲು ಅಳೆಯಿರಿ

ಪ್ರಶ್ನೆ: ಆರ್ಕಿಟೆಕ್ಚರ್ ಎರಡನೇ ವರ್ಷ. ನನ್ನ ಗ್ರಂಥಾಲಯದ ವಿನ್ಯಾಸ ನೋಡಿ ಜ್ಯೂರಿಯವರು (ವಿನ್ಯಾಸ ಪರೀಕ್ಷಿಸುವವರು) ‘ಚಿತ್ರ ಚೆನ್ನಾಗಿದೆ, ಕಟ್ಟಡ ಎಲ್ಲಿ?’ ಎಂದು ನಕ್ಕರು. ಇನ್ನೊಂದು ಸಾಫ್ಟ್‌ವೇರ್ ಕಲಿಯಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಸಾಫ್ಟ್‌ವೇರ್ ಆರು ತಿಂಗಳು ಕಾಯಲಿ. ಮೊದಲು ಒಂದು ಟೇಪು ಕೊಳ್ಳಿ. ನಾನು ಬರೆದ ಮೊದಲ ಮನೆಯ ಮೆಟ್ಟಿಲು ಹತ್ತಿದವರ ತಲೆ ಸೀದಾ ತೊಲೆಗೆ ಬಡಿಯುವಂತಿತ್ತು. ನಕ್ಷೆಯಲ್ಲಿ ಯಾರ ತಲೆಯೂ ಒಡೆಯುವುದಿಲ್ಲವಲ್ಲ, ಗೊತ್ತೇ ಆಗಲಿಲ್ಲ. ಬೈಸಿಕೊಂಡು ಊರಿಗೆ ಹೋದವನು ಅಜ್ಜಿಮನೆಯ ಅಟ್ಟದಿಂದ ಬಸ್‌ ನಿಲ್ದಾಣದವರೆಗೆ ಸಿಕ್ಕ ಮೆಟ್ಟಿಲನ್ನೆಲ್ಲ ಅಳೆದೆ. ಮೆಟ್ಟಿಲಿನ ಎರಡು ಎತ್ತರ, ಕಾಲಿಡುವ ಜಾಗದ ಒಂದು ಅಗಲ ಕೂಡಿದರೆ ಸುಮಾರು 600 ಮಿ.ಮೀ. ಬರಬೇಕು, 150 ಎತ್ತರ, 300 ಅಗಲ ಇದ್ದಂತೆ. ಪುಸ್ತಕದಲ್ಲೂ ಇತ್ತು, ಆದರೆ ಮಂಡಿಗೆ ಅರ್ಥವಾಗಿದ್ದು ಆಗಲೇ.

ಈಗ ನಿಮ್ಮ ಗ್ರಂಥಾಲಯ. ಊರಿನ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಕೂತು, ಜನ ಯಾವ ಕಿಟಕಿಯ ಬಳಿ ಕುರ್ಚಿ ಎಳೆದುಕೊಳ್ಳುತ್ತಾರೆಂದು ಗುರುತು ಹಾಕಿ. ಪಶ್ಚಿಮಕ್ಕೆ ದೊಡ್ಡ ಗಾಜು (ನೀವೂ ಇಟ್ಟಿರುತ್ತೀರಿ!) ಇದ್ದರೆ ನಾಲ್ಕು ಗಂಟೆಗೆ ಅಲ್ಲಿ ಯಾರೂ ಕೂರುವುದಿಲ್ಲ. ಅನುಮತಿ ಸಿಕ್ಕರೆ ಬೆಂಗಳೂರಿನ ಐಐಎಂಗೂ ಹೋಗಿ, ಅದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ಆ ಕಲ್ಲಿನ ಓಣಿಗಳಲ್ಲಿ ನೆರಳು ಸರಿಯುವುದನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಮೊಬೈಲು ಚೀಲದಲ್ಲಿರಲಿ.

ಆಮೇಲೆ 1:50ರಲ್ಲಿ (ನಿಜದ ಐವತ್ತರಲ್ಲೊಂದು ಅಳತೆಯಲ್ಲಿ) ಹೊಸ ನಕ್ಷೆ ಹಿಡಿದು ನಕ್ಕವರ ಬಳಿಗೇ ಹೋಗಿ.