ಓದುಗರ ಪ್ರಶ್ನೆ: ಗಣಿಯ ಬೆಂಕಿಗೆ ನೀರು ಬಿಟ್ಟರೆ ಸಾಲದೇ?

ಪ್ರಶ್ನೆ: ಝರಿಯಾದಲ್ಲಿ ನೆಲದಡಿ ಕಲ್ಲಿದ್ದಲು ಉರಿಯುತ್ತಿರುವುದನ್ನು ಟಿ.ವಿ.ಯಲ್ಲಿ ನೋಡಿದೆ. ನೀರು ಬಿಟ್ಟು ಆರಿಸಬಾರದೇ? ಬೇರೆ ಕಡೆ ಮನೆ ಕೊಟ್ಟರೂ ಜನ ಏಕೆ ಹೋಗುವುದಿಲ್ಲ? ನಾವು ಮೀನುಗಾರರು, ಯೋಜನೆಯೊಂದಕ್ಕಾಗಿ ಕಡಲತಡಿಯ ಮನೆ ಬಿಟ್ಟು ಬಂದವರು. ಅದಕ್ಕೇ ಕೇಳುತ್ತಿದ್ದೇನೆ.
– ಓದುಗರೊಬ್ಬರು, ಅಂಕೋಲಾ ತಾಲ್ಲೂಕು

ಉತ್ತರ: ಝರಿಯಾ ಇರುವ ಜಾರ್ಖಂಡ್‌ನ ಧನಬಾದ್ ಸೀಮೆಯ ಗಣಿಗಳಲ್ಲಿ ಸರ್ವೇ ಕೆಲಸ ಮಾಡಿ ನಿವೃತ್ತನಾಗಿ ಶಿರಸಿಗೆ ಮರಳಿದವನು ನಾನು. ತೋಟದಲ್ಲಿ ಸುಡುಮಣ್ಣು ಮಾಡುವಾಗಲೆಲ್ಲ ನನಗೆ ಝರಿಯಾ ನೆನಪಾಗುತ್ತದೆ. ತರಗೆಲೆಯ ರಾಶಿಗೆ ಮಣ್ಣು ಮುಚ್ಚಿ ಬೆಂಕಿ ಇಟ್ಟರೆ ಜ್ವಾಲೆ ಏಳದೆ ದಿನಗಟ್ಟಲೆ ಒಳಗೇ ಬೇಯುತ್ತದೆ. ಹೊಗೆ ರಭಸದಿಂದ ಬಂದ ಕಡೆ ನಮ್ಮಜ್ಜ ಸುರಿಯುತ್ತಿದ್ದುದು ಒಂದು ಬುಟ್ಟಿ ಮಣ್ಣನ್ನು, ನೀರನ್ನಲ್ಲ.

ಝರಿಯಾದಲ್ಲಿ ಮೊದಲ ಬೆಂಕಿ ಕಂಡದ್ದು 1916ರಲ್ಲಿ. ಅದನ್ನು ಯಾರೂ ಹಚ್ಚಬೇಕಿಲ್ಲ. ಕಲ್ಲಿದ್ದಲಿಗೆ ಗಾಳಿ ತಾಗಿದರೆ ತಾನಾಗಿ ಬಿಸಿಯೇರುತ್ತದೆ. ಆ ಬಿಸಿ ಹೊರಹೋಗದಿದ್ದರೆ ಹೊತ್ತಿಕೊಳ್ಳುತ್ತದೆ. ಹಿಂದಿನ ಖಾಸಗಿ ಮಾಲೀಕರು ಕಲ್ಲಿದ್ದಲು ತೆಗೆದ ಸುರಂಗಗಳಿಗೆ ಮರಳು ತುಂಬದೆ ಹೋದರು. ಚಾವಣಿ ಕುಸಿಯಿತು, ನೆಲ ಬಿರಿಯಿತು, ಬಿರುಕಿನಿಂದ ಗಾಳಿ ಇಳಿಯಿತು. ನೀರು ಬಿಟ್ಟರೆ ಅದು ತಗ್ಗು ಹುಡುಕಿಕೊಂಡು ಓಡುತ್ತದೆ, ಮೇಲಿನ ಪದರದ ಬೆಂಕಿ ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ, ಕೆಂಡವಾದ ಕಲ್ಲಿದ್ದಲಿಗೆ ನೀರು ಬಿದ್ದರೆ ಸ್ಫೋಟಿಸುವ ಅನಿಲ ಹುಟ್ಟುವ ಭಯವೂ ಇದೆ. ಹಾಗಾಗಿ ಬೆಂಕಿಗೆ ಗಾಳಿ ಸಿಗದಂತೆ ಮಣ್ಣು ಹೊದಿಸುತ್ತಾರೆ, ಪೊಳ್ಳಿಗೆ ಮರಳು ತುಂಬುತ್ತಾರೆ, ಸಾರಜನಕ ಹಾಯಿಸುತ್ತಾರೆ, ಬೆಂಕಿ ಮುಂದೆ ಹರಿಯದಂತೆ ಕಂದಕ ತೋಡುತ್ತಾರೆ. ನನ್ನನ್ನು ಕೇಳಿದರೆ, ಉರಿಯುವ ಕಲ್ಲಿದ್ದಲನ್ನೇ ಅಗೆದು ತೆಗೆಯುವುದು ಖಚಿತ ದಾರಿ. ಆದರೆ ಅಗೆಯುತ್ತಿರುವುದು ಬೆಂಕಿ ಆರಿಸಲೋ ಕಲ್ಲಿದ್ದಲು ಮಾರಲೋ ಎಂಬ ಅನುಮಾನ ಅಲ್ಲಿನವರಿಗೆ ಇದ್ದೇ ಇದೆ. ಅವರನ್ನು ದೂರಲಾರೆ.

ಇನ್ನು ಮನೆಯ ಮಾತು. ಝರಿಯಾ ಮತ್ತು ಪಶ್ಚಿಮ ಬಂಗಾಳದ ರಾಣಿಗಂಜ್ ಗಣಿ ಸೀಮೆ ಎರಡಕ್ಕೂ ಸೇರಿ, ಬೆಂಕಿ ಆರಿಸಿ ಜನರನ್ನು ಬೇರೆಡೆ ನೆಲೆಗೊಳಿಸಲು 2009ರಲ್ಲಿ 7,112 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಧನಬಾದ್ ಬಳಿಯ ಬೆಲ್ಗಡಿಯಾದಲ್ಲಿ ಸಾಲುಸಾಲು ವಸತಿ ಕಟ್ಟಡಗಳೂ ಎದ್ದವು. ಕಲ್ಲಿದ್ದಲು ಆಯ್ದು, ಮೂಟೆ ಕಟ್ಟಿ, ಸೈಕಲ್ಲಿನಲ್ಲಿ ಹೇರಿಕೊಂಡು ಪೇಟೆಗೆ ತಳ್ಳುವವನಿಗೆ ಆ ಕಟ್ಟಡದಲ್ಲಿ ಕೋಣೆ ಸಿಕ್ಕಿತು, ದುಡಿಮೆ ಸಿಗಲಿಲ್ಲ. ಹೊಗೆಯ ನಡುವೆಯಾದರೂ ಅನ್ನ ಹುಟ್ಟುವ ಜಾಗಕ್ಕೆ ಕೆಲವರು ವಾಪಸು ಬಂದರು. ಕಾಗದಪತ್ರ ಇಲ್ಲದೆ ತಲೆಮಾರುಗಳಿಂದ ನೆಲೆಸಿದವರ ಲೆಕ್ಕ ಇನ್ನೂ ಗೋಜಲು. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಝರಿಯಾಕ್ಕೆಂದೇ ಒಪ್ಪಿದ 5,940 ಕೋಟಿಯ ಪರಿಷ್ಕೃತ ಯೋಜನೆಯಲ್ಲಿ ಜೀವನೋಪಾಯಕ್ಕೆಂದು ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ನೆರವು, ಸಾಲದ ವ್ಯವಸ್ಥೆ, ಕೌಶಲ ತರಬೇತಿ ಸೇರಿವೆ. ತಡವಾಯಿತು, ಆದರೂ ಸರಿಯಾದ ಕಡೆಗೆ ನೋಡಿದ್ದಾರೆ.

ಅಂದ ಹಾಗೆ, ನಿಮ್ಮ ಹೊಸ ಮನೆಯಿಂದ ದೋಣಿ ಎಳೆದಿಡುವ ದಡ ಎಷ್ಟು ದೂರ ಎಂಬುದನ್ನು ನೀವು ಬರೆದಿಲ್ಲ.