ಗೆರೆ ಎಳೆಯುವಾಗಲೇ ಕೇಳಬೇಕಾದ ಪ್ರಶ್ನೆ

ಪ್ರಶ್ನೆ: ನಮ್ಮ ಊರಿನ ಅಂಚಿನಲ್ಲಿ ಹೊಸ ಹೆದ್ದಾರಿ ಬರಲಿದೆ. ಗಡಿಕಲ್ಲು ನೆಟ್ಟು ವರ್ಷವಾಗುತ್ತ ಬಂತು, ಭೂಸ್ವಾಧೀನದ ನೋಟಿಸುಗಳೂ ಕೈಸೇರಿವೆ. ಈಗ ಪರಿಸರದ ಹೆಸರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದಾರೆ. ಇದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತಲ್ಲವೇ? ಸಭೆಗೆ ಹೋಗಿ ಪ್ರಯೋಜನವಿದೆಯೇ?
– ತುಮಕೂರು ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಸಂಶಯ ಸಕಾರಣವಾದುದು, ಆದರೂ ಸಭೆಗೆ ತಪ್ಪದೆ ಹೋಗಿ. ಅಲ್ಲಿ ನೀವು ಎತ್ತುವ ಆಕ್ಷೇಪಗಳನ್ನು ದಾಖಲಿಸಿಕೊಳ್ಳಬೇಕು, ಯೋಜನೆಯ ಪ್ರತಿಪಾದಕರು ಅಂತಿಮ ವರದಿಯಲ್ಲಿ ಅವಕ್ಕೆ ಉತ್ತರ ಕೊಡಬೇಕು ಎಂಬುದು ನಿಯಮ. ಮಾತಿನ ಜೊತೆಗೆ ಬರಹದಲ್ಲಿಯೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು.

ಇನ್ನು ನಿಮ್ಮ ಮೂಲ ಪ್ರಶ್ನೆ. 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ವರದಿಯಲ್ಲಿ ಪರ್ಯಾಯಗಳ ಕುರಿತೇ ಒಂದು ಅಧ್ಯಾಯವಿರಬೇಕು. ಆದರೆ ಆ ಅಧ್ಯಾಯ ಬರೆಯುವ ಹೊತ್ತಿಗೆ ಪರ್ಯಾಯಗಳು ಉಳಿದಿರುವುದೇ ಅಪರೂಪ. ರಸ್ತೆ ಎಲ್ಲಿ ಹೋಗಬೇಕು ಎಂಬುದನ್ನು ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್, ಸಿದ್ಧಪಡಿಸುವ ಸಲಹೆಗಾರರು ಉದ್ದ, ತಿರುವು, ಸೇತುವೆಗಳ ಸಂಖ್ಯೆ ಮತ್ತು ಭೂಮಿಯ ಬೆಲೆಯ ಲೆಕ್ಕದಲ್ಲಿ ಮೊದಲೇ ತೀರ್ಮಾನಿಸಿರುತ್ತಾರೆ. ಈ ಲೆಕ್ಕದಲ್ಲಿ ಗೋಮಾಳ, ಕೆರೆಯಂಗಳ, ಕುರುಚಲು ಕಾಡುಗಳಿಗೆ ಖಾಸಗಿ ಪರಿಹಾರ ಕೊಡಬೇಕಿಲ್ಲವಾದ್ದರಿಂದ ಅವು ಅಗ್ಗದ ನೆಲವಾಗಿಯೇ ಕಾಣುತ್ತವೆ. ಪರಿಸರದ ಅಧ್ಯಯನ ನಡೆಸುವವರು ಬೇರೊಂದು ಸಂಸ್ಥೆಯವರು. ಅವರ ಕೈಗೆ ಬರುವುದು ಆಗಲೇ ಎಳೆದು ಮುಗಿದ ಗೆರೆ. ಆ ಗೆರೆಯ ಮೇಲೆ ಎಷ್ಟು ಮರಗಳಿವೆ ಎಂದು ಎಣಿಸುವುದಷ್ಟೇ ಅವರ ಪಾಲಿಗೆ ಉಳಿಯುತ್ತದೆ, ಗೆರೆ ಅಲ್ಲೇಕೆ ಬಂತು ಎಂದು ಕೇಳುವ ಅವಕಾಶ ಅವರಿಗಿರುವುದಿಲ್ಲ. ದೋಷದ ಬೇರು ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯನ್ನು ನೋಡಿ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗಿನ ಸುಮಾರು 65 ಕಿ.ಮೀ. ಉದ್ದದ ಈ ದಾರಿಗೆ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ ಹೊರಟವು. ಪರಿಸರ ಅನುಮತಿ ಸಿಕ್ಕಿದ್ದು 2014ರಲ್ಲಿ. ಅಧ್ಯಯನದ ದತ್ತಾಂಶ ಹಳೆಯದು, ಕಡಿಯಬೇಕಾದ ಮರಗಳ ಸಂಖ್ಯೆಯನ್ನೂ ಅರಣ್ಯ ಭೂಮಿಯ ವಿಷಯವನ್ನೂ ಸರಿಯಾಗಿ ತಿಳಿಸಿಲ್ಲ ಎಂಬ ಕಾರಣಗಳಿಂದ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೊಸದಾಗಿ ಅಧ್ಯಯನ ನಡೆಸುವಂತೆ ಆದೇಶಿಸಿತು. ಮೊದಲ ಅರ್ಜಿಯಲ್ಲಿ ಕೆಲವು ನೂರರಷ್ಟಿದ್ದ ಮರಗಳು ಹೊಸ ಅಧ್ಯಯನದಲ್ಲಿ 33 ಸಾವಿರವನ್ನು ಮೀರಿದವು. ಈ ಇಡೀ ಅವಧಿಯಲ್ಲಿ ಅಧಿಸೂಚನೆಗೆ ಒಳಪಟ್ಟ ರೈತರು ಜಮೀನನ್ನು ಮಾರಲೂ ಆಗದೆ, ನಂಬಿ ಬಂಡವಾಳ ಹಾಕಲೂ ಆಗದೆ ಉಳಿದರು. ಮರ ಎಣಿಸುವ ಕೆಲಸ 2005ಕ್ಕೆ ಮೊದಲೇ ಪ್ರಾಮಾಣಿಕವಾಗಿ ನಡೆದಿದ್ದರೆ ದಾರಿ ಬದಲಾಗುತ್ತಿತ್ತೋ ಇಲ್ಲವೋ, ರೈತರ ಈ ಕಾಯುವಿಕೆಯಂತೂ ಇಷ್ಟು ದೀರ್ಘವಾಗುತ್ತಿರಲಿಲ್ಲ.

ಪ್ರಶ್ನೆ: ಯೋಜನೆಯ ಆರಂಭದಲ್ಲೇ ಪರಿಸರದ ವಿಚಾರಣೆ ಸೇರಿಸಿದರೆ ಕೆಲಸ ಇನ್ನಷ್ಟು ತಡವಾಗುವುದಿಲ್ಲವೇ? ಬೇರೆ ದೇಶಗಳಲ್ಲಿ ಹೇಗಿದೆ?
– ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಅಮೆರಿಕದ ಅನುಭವ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಓವರ್ಟನ್ ಪಾರ್ಕ್ ಎಂಬ ದೊಡ್ಡ ಉದ್ಯಾನವಿದೆ. ಅದರ ನಡುವೆ ಹೆದ್ದಾರಿ ಒಯ್ಯುವ ಮಾರ್ಗಕ್ಕೆ 1956ರಲ್ಲೇ ಒಪ್ಪಿಗೆ ಸಿಕ್ಕಿತ್ತು. ವಿವಾದ 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಲುಪುವ ಹೊತ್ತಿಗೆ ಉದ್ಯಾನದ ಹೊರಗಿನ ಜಾಗವನ್ನು ಆಗಲೇ ವಶಪಡಿಸಿಕೊಂಡು ತೆರವುಗೊಳಿಸಲಾಗಿತ್ತು. ಕೊನೆಗೆ 1981ರಲ್ಲಿ ಉದ್ಯಾನದೊಳಗಿನ ಮಾರ್ಗವನ್ನೇ ಕೈಬಿಟ್ಟರು. ಕಾಲು ಶತಮಾನ ಕಳೆಯಿತು, ತೆರವಾದ ಮನೆಗಳು ಮರಳಿ ಬರಲಿಲ್ಲ.

ಯೋಜನೆ ಒಂದು ಕಡೆ, ಪರಿಸರ ಪರಿಶೀಲನೆ ಇನ್ನೊಂದು ಕಡೆ ಎಂದು ನಡೆಯುತ್ತಿದ್ದುದನ್ನು ಜೋಡಿಸಲು ಅಲ್ಲಿ 2012ರ ಸಾರಿಗೆ ಕಾನೂನಿನಲ್ಲಿ ಸ್ಪಷ್ಟ ಅವಕಾಶ ಮಾಡಿದರು. ಯೋಜನೆಯ ಉದ್ದೇಶವೇನು, ಯಾವ ಪರ್ಯಾಯಗಳನ್ನು ಏಕೆ ಕೈಬಿಡಲಾಯಿತು ಎಂದು ಆರಂಭದಲ್ಲೇ ಜನರ ಮುಂದಿಟ್ಟು ದಾಖಲಿಸಿದ್ದರೆ, ಮುಂದಿನ ಪರಿಸರ ಪರಿಶೀಲನೆಯಲ್ಲಿ ಆ ನಿರ್ಣಯಗಳನ್ನೇ ಎತ್ತಿಕೊಳ್ಳಬಹುದು, ಅದೇ ಕೆಲಸವನ್ನು ಮತ್ತೆ ಮಾಡಬೇಕಿಲ್ಲ. ಐದು ವರ್ಷಕ್ಕಿಂತ ಹಳೆಯ ನಿರ್ಣಯಗಳನ್ನು ಹಾಗೆ ಬಳಸುವಂತಿಲ್ಲ ಎಂಬ ಷರತ್ತೂ ಇದೆ. ನಾವು ಎರವಲು ಪಡೆಯಬೇಕಾದದ್ದು ಈ ಷರತ್ತನ್ನು ಎಂದು ನನಗೆ ಅನಿಸುತ್ತದೆ. ಏಕೆಂದರೆ ಹಳಸಿದ ಅಧ್ಯಯನವನ್ನು ಆಧಾರವಾಗಿ ಹಿಡಿದು ಕಾಡಿನ ಭವಿಷ್ಯ ತೀರ್ಮಾನಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಪ್ರಶ್ನೆ: ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಬಗ್ಗೆ ಇಷ್ಟು ವರ್ಷ ಚರ್ಚೆ ನಡೆದರೂ ಪರಿಸರ ಅಧಿಸೂಚನೆಯ ಪ್ರಕಾರ ಅಹವಾಲು ಸಭೆ ನಡೆಯಲೇಬೇಕು ಎನ್ನುವ ಕಡ್ಡಾಯ ಏಕಿಲ್ಲ?
– ಯಲ್ಲಾಪುರದ ಓದುಗರು

ಉತ್ತರ: 2006ರ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿ, ಬಂದರು, ವಿಮಾನ ನಿಲ್ದಾಣಗಳಿವೆ, ರೈಲು ಮಾರ್ಗ ಇಲ್ಲ. ಹಾಗಾಗಿ ಸುಮಾರು 164 ಕಿ.ಮೀ. ಉದ್ದದ, 595 ಹೆಕ್ಟೇರಿನಷ್ಟು ಅರಣ್ಯ ಕೇಳುವ ಮಾರ್ಗವೊಂದಕ್ಕೆ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ಅನುಮತಿ ಬೇಕೇ ಹೊರತು ಈ ಅಧಿಸೂಚನೆಯ ಪರಿಸರ ಅನುಮತಿ ಬೇಕಿಲ್ಲ. ಈ ಲೋಪ ಕೂಡಲೇ ಸರಿಯಾಗಬೇಕು.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಮಾರ್ಗ ಮಂಜೂರಾದದ್ದು 1997–98ರಲ್ಲಿ. ಬಳ್ಳಾರಿ–ಹೊಸಪೇಟೆ ಭಾಗದ ಅದಿರನ್ನು ಕರಾವಳಿಯ ಬಂದರುಗಳಿಗೆ ಸಾಗಿಸುವುದು ಆಗಿನ ಮುಖ್ಯ ಸಮರ್ಥನೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು, 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ತಡೆಯಿತು. ಉದ್ದೇಶವೇ ಅಲುಗಾಡಿದ ಮೇಲೆ, ಘಟ್ಟದ ಕಾಡಿನ ಮೂಲಕವೇ ಹೋಗಬೇಕೇ, ಈಗಿರುವ ಮಾರ್ಗಗಳನ್ನು ಬಲಪಡಿಸಿದರೆ ಸಾಲದೇ ಎಂಬ ಪ್ರಶ್ನೆಯನ್ನು ಮೊದಲಿನಿಂದ ಕೇಳಬೇಕಿತ್ತು. ಹಾಗಾಗಲಿಲ್ಲ. ಕಾಡಿಲ್ಲದ ಹುಬ್ಬಳ್ಳಿ ಕಡೆಯಿಂದ ಕಾಮಗಾರಿ ಆರಂಭವಾಯಿತು, ಹಾಕಿದ ಹಣವೇ ಮುಂದುವರಿಯಲು ವಾದವಾಯಿತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಮ್ಮತಿಸಿತು, ಅದೇ ವರ್ಷ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಕರಾವಳಿಗೆ ರೈಲು ಬೇಕೆನ್ನುವ ಉತ್ತರ ಕನ್ನಡದ ಜನರ ಬೇಡಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎರಡು ದಶಕಗಳಿಗೂ ಮೀರಿ ಅವರನ್ನು ಕಾಯಿಸಿದ್ದು ಕಾಡಿನ ಪರವಾದವರಲ್ಲ. ಕಾಡಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡ ಪದ್ಧತಿ.

ಪ್ರಶ್ನೆ: ಆರಂಭದ ಹಂತದಲ್ಲೇ ಸಾಮಾನ್ಯರು ಮಧ್ಯಪ್ರವೇಶಿಸುವುದು ಹೇಗೆ?
– ಶಿರಸಿಯ ಉಪನ್ಯಾಸಕಿ

ಉತ್ತರ: ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುತ್ತದೆ, ಮುಂದಿನ ರಸ್ತೆಗಳು ಮೊದಲು ಕಾಣಿಸಿಕೊಳ್ಳುವುದು ಆ ನಕ್ಷೆಯಲ್ಲೇ. ಡಿಪಿಆರ್‌ನಲ್ಲಿ ಪರಿಶೀಲಿಸಿ ಕೈಬಿಟ್ಟ ಮಾರ್ಗಗಳ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿ. ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ಅನುಮತಿ ಕೋರಿದ ಅರ್ಜಿಗಳು ಸಿಗುತ್ತವೆ. ಅಧ್ಯಯನದಲ್ಲಿ ಏನೇನು ಇರಬೇಕೆಂದು ತಜ್ಞರ ಸಮಿತಿ ನಿಗದಿಪಡಿಸುವ ಮೊದಲೇ ನಿಮ್ಮೂರಿನ ಹಳ್ಳ, ಕೆರೆ, ಆನೆಗಳು ಓಡಾಡುವ ಜಾಡುಗಳ ಪಟ್ಟಿಯನ್ನು ನಕ್ಷೆಯ ಸಮೇತ ಆ ಸಮಿತಿಗೆ ಕಳುಹಿಸಿ, ಅದರ ಪ್ರತಿಯೊಂದನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಇರಿಸಿ.